ಸ್ಮಶಾನದ ದಾರಿಯ ಡ್ರೈವಿಂಗ್ ಮೇಷ್ಟ್ರು

ನನಗೆ ಕಾರು ಓಡಿಸುವುದನ್ನು ಕಲಿಸಿದವರು ಮೊದಲನೇ ದಿನವೇ ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಕೂತಿದ್ದ ನಮ್ಮತ್ತೆ ಕಿಟಕಿಯಾಚೆ ಸಾಲಾಗಿ ನಿಂತ ಕಲ್ಲುಗಳನ್ನು ನೋಡಿ, "ಇದೆಂತ ಮಾರಾಯ್ತಿ, ಶುರುವಿಗೇ ಇಲ್ಲಿಗೆ?" ಅಂದರು. ಅದನ್ನು ನಾನು ಸ್ವಲ್ಪ ನಯ ಮಾಡಿ ಇಂಗ್ಲಿಷಿಗೆ ತಿರುಗಿಸಿದೆ. ಕಲಿಸುವವರು ನಗಲಿಲ್ಲ. "ಇಲ್ಲಿ ಯಾರಿಗೂ ಅವಸರ ಇಲ್ಲ. ರಿವರ್ಸ್ ಕಲಿಯುವುದಕ್ಕೆ ನಮ್ಮೂರು ವಾನ್‌ನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದಿಲ್ಲ," ಅಂದರು.

ನಾನು ಅವರನ್ನು ಮೇಷ್ಟ್ರೇ ಅಂತ ಕರೆಯುತ್ತಿದ್ದೆ. ಮೈಸೂರಿನಲ್ಲಿ ಬೆಳೆದವಳಿಗೆ ಅಪ್ಪನಿಗಿಂತ ದೊಡ್ಡವರನ್ನು ಬರೀ ಹೆಸರು ಹಿಡಿದು ಕೂಗಲು ನಾಲಿಗೆ ಹೊರಳುವುದಿಲ್ಲ. ಅವರಿಗೆ ಅದು 'ಮಾಯ್‌ಸ್ಟ್ರೋ' ಅಂತ ಕೇಳಿಸಿತು. ದೊಡ್ಡ ಸಂಗೀತಗಾರರನ್ನು ಕರೆಯುವ ಹಾಗೆ ಈ ಹೆಂಗಸು ತನ್ನನ್ನು ಕರೆಯುತ್ತಿದ್ದಾಳೆ ಅಂದುಕೊಂಡು ಕಿವಿಯ ತುದಿಯವರೆಗೆ ಕೆಂಪಾದರು. ಅಷ್ಟು ಸಂತೋಷಪಟ್ಟವರನ್ನು ತಿದ್ದುವುದು ಯಾಕೆ ಅಂತ ನಾನೂ ಸುಮ್ಮನಾದೆ. ಅವರು ನನ್ನ ಹತ್ತಿರ ಆಡಿದ್ದೆಲ್ಲ ಇಂಗ್ಲಿಷೇ, ಆದರೆ ಈಗ ನೆನೆಸಿಕೊಂಡರೆ ಅವರ ದನಿ ನನ್ನ ಕಿವಿಯೊಳಗೆ ಕನ್ನಡದಲ್ಲೇ ಮಾತಾಡುತ್ತದೆ.

ಈ ವಸಂತದಲ್ಲಿ, ರಸ್ತೆ ಬದಿಯ ಕೊಳಕು ಹಿಮ ಕರಗಿ ಹುಲ್ಲು ಕಾಣುವ ಹೊತ್ತಿಗೆ ಅವರು ತೀರಿಕೊಂಡ ಸುದ್ದಿ ಬಂತು. ಅವರು ನನಗೆ ನೆಂಟರಲ್ಲ, ಇಷ್ಟರಲ್ಲ; ಕ್ಲಾಸಿಗೆ ಇಷ್ಟು ಅಂತ ಫೀಸು ತೆಗೆದುಕೊಂಡು ಕಲಿಸಿದವರು. ಆದರೂ ಅವತ್ತು ನನಗೆ ಅಡುಗೆ ಮಾಡಲು ಆಗಲಿಲ್ಲ. ಅತ್ತೆ ಸಾರಿಗೆ ಒಗ್ಗರಣೆ ಹಾಕಿ, ಏನೂ ಕೇಳದೆ ನನ್ನ ಮುಂದೆ ತಟ್ಟೆ ಇಟ್ಟರು.

ನಾನು ಅವರ ಹತ್ತಿರ ಹೋಗಿ ಸೇರಿದ್ದಕ್ಕೆ ನನ್ನ ಗಂಡನೇ ಕಾರಣ. ಗಂಡನ ಹತ್ತಿರ ಡ್ರೈವಿಂಗ್ ಕಲಿಯುವುದೂ ಒಂದೇ, ಬೀದಿಯಲ್ಲಿ ನಿಂತು ಜಗಳ ಆಡುವುದೂ ಒಂದೇ. ಎರಡು ಭಾನುವಾರ ಕಲಿಸಿ, ಮೂರನೆಯ ಭಾನುವಾರ ಅವನೇ ಒಂದು ಫೋನ್ ನಂಬರ್ ತಂದುಕೊಟ್ಟ. ಅತ್ತೆ ನನ್ನ ಜೊತೆ ಬರಲು ಕಾರಣ ನಮ್ಮನೆಯನ್ನು ಬೆಚ್ಚಗಿಡುವ ಫರ್ನೇಸು. ಬೇಸ್‌ಮೆಂಟಿನಲ್ಲಿ ಅದು ಗುರ್ ಅಂತ ಹೊತ್ತಿಕೊಂಡರೆ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು, ಒಬ್ಬರೇ ಮನೆಯಲ್ಲಿ ಇರುತ್ತಿರಲಿಲ್ಲ. ಉಡುಪಿ ಕಡೆಯ ಅವರ ಮನೆಮಾತು ತುಳು. ನನಗೆ ತುಳು ಬಾರದು. ಹಾಗಾಗಿ ನಾವಿಬ್ಬರೂ ಮಾತಾಡುವುದು ಕನ್ನಡ: ಅವರದು ಕರಾವಳಿಯದು, ನನ್ನದು ಮೈಸೂರಿನದು. ಒಂದೇ ಭಾಷೆ ತಾನೇ ಅಂತ ನಾನು ನಂಬಿಕೊಂಡಿದ್ದೆ.

ಮೇಷ್ಟ್ರು ತೆಳ್ಳಗೆ ಉದ್ದಕ್ಕಿದ್ದರು. ಬೇಸಿಗೆಯಲ್ಲೂ ಉಣ್ಣೆಯ ಟೋಪಿ. ಸೇಬನ್ನು ಬೀಜ ತೊಟ್ಟು ಸಮೇತ ತಿನ್ನುತ್ತಿದ್ದರು. ಎಡ ಯಾವುದು ಬಲ ಯಾವುದು ಅಂತ ನಾನು ಗಾಬರಿಯಲ್ಲಿ ಮರೆಯುತ್ತೇನೆ ಅಂತ ಗೊತ್ತಾದ ಮೇಲೆ ಅವರು ಆ ಶಬ್ದಗಳನ್ನೇ ಬಿಟ್ಟುಬಿಟ್ಟರು. "ವಾಚಿನ ಕಡೆ ತಿರುಗು", "ಈಗ ಬಳೆಗಳ ಕಡೆ" ಅನ್ನುತ್ತಿದ್ದರು. ಅವರ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು, ಅದನ್ನು ಒತ್ತಿದ್ದು ನಾನು ಕಾಣೆ. ಬದಲಿಗೆ "ಹ್ಮ್" ಅನ್ನುತ್ತಿದ್ದರು. ಸಣ್ಣ ಹ್ಮ್ ಅಂದರೆ ವೇಗ ಇಳಿಸು. ಉದ್ದದ ಹ್ಮ್ ಅಂದರೆ ದೇವರೇ ಕಾಪಾಡಬೇಕು.

ಅವರು ಆರಿಸುತ್ತಿದ್ದ ದಾರಿಗಳೇ ಬೇರೆ. ಬೇರೆಯವರು ಮಾಲ್‌ನ ಪಾರ್ಕಿಂಗಿನಲ್ಲಿ ಕಲಿಸಿದರೆ ಇವರು ಕ್ಲೈನ್‌ಬರ್ಗ್‌ನ ಆಚೆಗೆ, ಜೋಳದ ಹೊಲಗಳ ಮಧ್ಯೆ ಗೆರೆ ಎಳೆದಂತೆ ಹೋಗುವ ಹಳೆಯ ರಸ್ತೆಗಳಿಗೆ ಹಚ್ಚುತ್ತಿದ್ದರು. ಬೆಳಗಿನ ಹೊತ್ತು ಹಳ್ಳದಿಂದ ಮಂಜು ಎದ್ದು ರಸ್ತೆಯ ಮೇಲೆ ಮಲಗಿರುತ್ತಿತ್ತು. ಅದರೊಳಗೆ ಕಾರು ನುಗ್ಗಿದರೆ ಚಕ್ರದ ಸದ್ದೂ ಕೇಳುತ್ತಿರಲಿಲ್ಲ. ಮೇಷ್ಟ್ರು ಮೆಲುದನಿಯಲ್ಲಿ, ಇಲ್ಲಿ ಇಂಥವರ ಗಿರಣಿ ಇತ್ತು, ಅಲ್ಲಿ ಇಂಥ ವಿಧವೆಯ ಹೊಲ ಇತ್ತು ಅಂತ ಹೇಳುತ್ತಿದ್ದರು. ನಾನು ನೋಡಿದರೆ ಅಲ್ಲಿ ಹೊಸದಾಗಿ ಕಟ್ಟಿದ ಒಂದೇ ಥರದ ಮನೆಗಳು, ಗರಾಜಿನ ಮುಂದೆ ಮಕ್ಕಳ ಸೈಕಲ್ಲು. ಕಾರು ಯಾವ ಕಾಲದಲ್ಲಿ ಹೋಗುತ್ತಿದೆ ಅನ್ನುವುದೇ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಕಲಿತ ವರ್ಷವೆಲ್ಲ ನನಗೆ ಅರೆನಿದ್ದೆಯಲ್ಲಿ ಕಂಡ ಹಾಗೆ ನೆನಪಿದೆ. ಮೊದಲ ರೋಡ್ ಟೆಸ್ಟಿನಲ್ಲಿ ನನ್ನನ್ನು ಫೇಲು ಮಾಡಿದವರು ಕೊಟ್ಟ ಕಾರಣ, ಅತಿ ನಿಧಾನ.

ಆ ಸ್ಮಶಾನ ಇದ್ದದ್ದು ಮಾತ್ರ ಹೊಲದ ಮಧ್ಯೆ ಅಲ್ಲ, ಗೋದಾಮುಗಳ ಮಧ್ಯೆ. ಎಂದೋ ಅಲ್ಲಿ ಒಂದು ಮರದ ಚರ್ಚು ಇತ್ತಂತೆ. ಚರ್ಚು ಹೋಯಿತು, ಊರು ಹೋಯಿತು. ಸುತ್ತ ಕಾರ್ಖಾನೆಗಳು ಎದ್ದವು. ಸತ್ತವರನ್ನು ಎಬ್ಬಿಸಿ ಕಳಿಸಲು ಆಗದೆ ಒಂದು ತುಂಡು ಹುಲ್ಲನ್ನು ಬೇಲಿ ಹಾಕಿ ಉಳಿಸಿದ್ದರು. ಮೂರು ಕಡೆ ಟ್ರಕ್ಕುಗಳು ಹಿಂದೆ ಸರಿಯುತ್ತ ಪೀ ಪೀ ಅನ್ನುತ್ತಿದ್ದರೆ ನಡುವೆ ಎರಡು ಮೇಪಲ್ ಮರಗಳ ಕೆಳಗೆ ಕಲ್ಲುಗಳು ತಣ್ಣಗೆ ನಿಂತಿರುತ್ತಿದ್ದವು. ಅದರ ಗೇಟಿನ ಮುಂದೆ ನಾನು ಮೂರು ಸಲಕ್ಕೆ ಕಾರು ತಿರುಗಿಸುವುದನ್ನು ಕಲಿತೆ. ನಾನು ತಿಣುಕಾಡುವಾಗ ಮೇಷ್ಟ್ರು ಒಳಗಿನ ಒಂದು ಕಲ್ಲನ್ನು ನೋಡುತ್ತ ಕೂತಿರುತ್ತಿದ್ದರು. ಅದು ಅವರ ಮುತ್ತಾತನ ತಂದೆಯದು. ಐರ್ಲೆಂಡಿನಲ್ಲಿ ಹುಟ್ಟಿದವನು ಅಂತ ಮಾತ್ರ ಕೊರೆದಿತ್ತು. ಎಲ್ಲಿ, ಯಾರ ಮಗ, ಯಾರ ಜೊತೆ ಬಂದ, ಒಂದೂ ಇಲ್ಲ.

ಅವನ ಬಗ್ಗೆ ಮನೆಯಲ್ಲಿ ಉಳಿದಿದ್ದ ಕಥೆ ಬಹಳ ಚಿಕ್ಕದು. ಅವನು ಸೈನಿಕ. ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿತ್ತು. ಹುಡುಗನಾಗಿದ್ದಾಗಲೇ ಹಡಗು ಹತ್ತಿ ಈ ದೇಶಕ್ಕೆ ಒಬ್ಬನೇ ಬಂದ. ಇದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದಾಗ ಅವರು, "ಹುಡುಗನಾಗಿ ಬಂದದ್ದು, ಬರುವ ಮೊದಲೇ ಯುದ್ಧ ಮಾಡಿ ಕುಂಟನಾದದ್ದು! ಅವರ ಸೈನ್ಯದಲ್ಲಿ ತೊಟ್ಟಿಲು ಉಂಟಾ?" ಅಂದರು. ಮೇಷ್ಟ್ರು ನಕ್ಕು, ಆ ಕಾಲದಲ್ಲಿ ನಗಾರಿ ಬಾರಿಸಲು ಹುಡುಗರನ್ನೂ ಸೇರಿಸಿಕೊಳ್ಳುತ್ತಿದ್ದರು, ಅಂಥವನಿರಬೇಕು ಅಂದರು. ಅತ್ತೆ ಒಪ್ಪಲಿಲ್ಲ.

ಆ ಕಥೆಯಲ್ಲಿ ಮೇಷ್ಟ್ರನ್ನು ಹಿಡಿದಿದ್ದದ್ದು ಸೈನ್ಯವೂ ಅಲ್ಲ, ಕಾಲೂ ಅಲ್ಲ. ಒಬ್ಬನೇ ಬಂದ ಅನ್ನುವ ಮಾತು. ಅದು ಆ ಮನೆತನದ ಗಾದೆಯೇ ಆಗಿಹೋಗಿತ್ತು. ಯಾರಾದರೂ ಸಹಾಯ ಕೇಳಿದರೆ, ಅತ್ತರೆ, ಜ್ವರ ಬಂತು ಅಂದರೆ, "ನಮ್ಮವನು ಒಬ್ಬನೇ ಬಂದ" ಅನ್ನುವುದು. ಅಲ್ಲಿಗೆ ಮಾತು ಮುಗಿಯಿತು. ಅವರ ಅಪ್ಪ ಸಾಯುವ ದಿನ ಮಗನನ್ನು ಕೋಣೆಯಿಂದ ಆಚೆ ಕಳಿಸಿ ಬಾಗಿಲು ಹಾಕಿಸಿದ್ದರಂತೆ. "ಒಬ್ಬನೇ ಬಂದವನ ವಂಶ, ಒಬ್ಬನೇ ಹೋಗುತ್ತೇನೆ ಅಂದರು. ನಾನು ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದೆ," ಅಂತ ಮೇಷ್ಟ್ರು ಹೇಳಿದರು. ಹೇಳಿ, "ಈಗ ಬಳೆಗಳ ಕಡೆ ತಿರುಗು" ಅಂದರು. ನನಗೆ ತಿರುಗಿಸಲು ಕೈ ಬರಲಿಲ್ಲ.

ಅವರೂ ಮದುವೆಯಾಗಿರಲಿಲ್ಲ. ಕ್ಲೈನ್‌ಬರ್ಗ್‌ನ ಹಳೆಯ ಬೀದಿಯ ಹಿಂದೆ ಒಂದು ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದರು. ಕಣ್ಣಿಗೆ ಒಂದು ರೋಗ ತಗುಲಿತ್ತು, ನೋಟದ ನಡುಮಧ್ಯೆ ನಿಧಾನವಾಗಿ ಮಸುಕು ಹರಡುವಂಥದು. ಆ ವರ್ಷ ಮುಗಿಯುವುದರೊಳಗೆ ಕಾರು ಓಡಿಸುವುದನ್ನು ನಿಲ್ಲಿಸಬೇಕು ಅಂತ ಡಾಕ್ಟರು ಹೇಳಿಯಾಗಿತ್ತು. ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ್ದರು, ನಾನೇ ಕೊನೆಯವಳು. ಇದು ಗೊತ್ತಾದ ದಿನ ಅತ್ತೆ, "ಕಣ್ಣು ಕಾಣದ ಮೇಷ್ಟ್ರು, ಕೈ ನಡುಗುವ ಶಿಷ್ಯೆ. ದೇವರೇ ಸ್ಟೇರಿಂಗ್ ಹಿಡಿಬೇಕಷ್ಟೆ," ಅಂದರು.

ಓಕ್‌ವಿಲ್‌ನಲ್ಲಿ ಅವರ ತಂಗಿಯ ಮಗ ಇದ್ದರು, ಕಾರಿನ ಫ್ಯಾಕ್ಟರಿಯಲ್ಲಿ ಕೆಲಸ. ತಂಗಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಂದು ದಿನ ಕ್ಲಾಸಿನ ನಡುವೆಯೇ ಆ ತಂಗಿಯ ಮಗನ ಫೋನು ಬಂತು. ಕಾರಿನ ಸ್ಪೀಕರಿನಲ್ಲಿ ಮಾತು ನಮಗೂ ಕೇಳಿಸಿತು. ಕೋಣೆ ಬಣ್ಣ ಬಳಿದು ಸಿದ್ಧ ಮಾಡಿದ್ದೇನೆ, ಚಳಿಗಾಲಕ್ಕೆ ಮುಂಚೆ ಬಂದುಬಿಡು ಅಂತ. "ನಿನ್ನ ಕೋಣೆ ನಿನಗೇ ಇರಲಿ" ಅಂದು ಮೇಷ್ಟ್ರು ಫೋನು ಆರಿಸಿದರು. ಆಮೇಲೆ ಯಾರೂ ಕೇಳದಿದ್ದರೂ ನನಗೆ ಹೇಳಿದರು: "ನಮ್ಮಲ್ಲಿ ಯಾರೂ ಯಾರ ಮನೆಯಲ್ಲೂ ಹೋಗಿ ಬಿದ್ದಿರುವುದಿಲ್ಲ."

"ಒಬ್ಬನೇ ಬಂದ ಅಂತಾನಾ?" ಅಂದೆ.

ಅವರು ಟೋಪಿಯನ್ನು ಕೆಳಗೆಳೆದುಕೊಂಡರು. "ಅದನ್ನೇ ಹುಡುಕುತ್ತಿದ್ದೇನೆ. ಅವನು ನಿಜವಾಗಿಯೂ ಒಬ್ಬನೇ ಬಂದನಾ? ಕಣ್ಣು ಹೋಗುವುದರೊಳಗೆ ಇದೊಂದು ಗೊತ್ತಾಗಬೇಕು. ನಿಜವಾದರೆ ನಾನು ನಮ್ಮಪ್ಪನ ಹಾಗೆಯೇ ಇದ್ದುಬಿಡುತ್ತೇನೆ."

ಹುಡುಕಾಟ ಅಂದರೆ ಸೈನ್ಯದ ಹಳೆಯ ಕಾಗದಗಳು. ಪಿಂಚಣಿ ಕೊಟ್ಟು ಮನೆಗೆ ಕಳಿಸಿದ ಪ್ರತಿ ಸೈನಿಕನ ಬಗ್ಗೆಯೂ ಹುಟ್ಟಿದ ಊರು, ಎತ್ತರ, ಕೂದಲಿನ ಬಣ್ಣ, ಬಿಡಿಸಿದ್ದಕ್ಕೆ ಕಾರಣ ಇಷ್ಟನ್ನು ಯಾರೋ ಗುಮಾಸ್ತ ಬರೆದಿಟ್ಟಿದ್ದನಂತೆ. ಅವುಗಳ ಚಿತ್ರಗಳು ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ತಮ್ಮ ಮನೆತನದ ಹೆಸರಿನ ಸೈನಿಕರನ್ನೆಲ್ಲ ಮೇಷ್ಟ್ರು ವರ್ಷಗಟ್ಟಲೆ ಓದಿದ್ದರು. ಒಬ್ಬನೂ ಅವರ ಮುತ್ತಾತನ ಅಪ್ಪನಲ್ಲ. ಒಬ್ಬ ಬೇರೆ ದೇಶದಲ್ಲಿ ಸತ್ತಿದ್ದ, ಇನ್ನೊಬ್ಬನ ಕಾಲು ನೆಟ್ಟಗಿತ್ತು, ಮತ್ತೊಬ್ಬ ಐರ್ಲೆಂಡ್ ಬಿಟ್ಟು ಕದಲಿರಲಿಲ್ಲ. ಆದರೂ ಆ ತಪ್ಪು ಮನುಷ್ಯರೆಲ್ಲ ಅವರಿಗೆ ಬಾಯಿಪಾಠವಾಗಿದ್ದರು. ಕೆಂಪು ದೀಪದಲ್ಲಿ ನಿಂತಾಗ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು: ಕಣ್ಣು ಬೂದು, ಕೂದಲು ಮರಳಿನ ಬಣ್ಣ, ಕೆಲಸ ಕೂಲಿ, ಸೇವೆಯಲ್ಲಿ ಸವೆದುಹೋದವನು. ಕೇಳುತ್ತ ಕೇಳುತ್ತ ಅತ್ತೆಗೆ ತೂಕಡಿಕೆ ಬರುತ್ತಿತ್ತು, ನನಗೂ. ಹಸಿರು ದೀಪ ಬಂದರೂ ನಾವು ಮೂವರೂ ಅಲ್ಲೇ ನಿಂತಿರುತ್ತಿದ್ದೆವು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

ಒಂದು ಕನಸನ್ನೂ ಅವರು ಹೇಳಿದ್ದರು. ಚಿಕ್ಕಂದಿನಿಂದ ಬೀಳುವ ಕನಸು. ಬೂದು ನೀರು, ಹಡಗು ಹತ್ತುವ ಮರದ ಹಲಗೆಯ ದಕ್ಕೆ, ಅದರ ತುದಿಯಲ್ಲಿ ಒಬ್ಬ ಹುಡುಗ. ಅವನ ಪಕ್ಕ ಯಾರೂ ಇಲ್ಲ. ಅವನು ತಿರುಗಿ ನೋಡುವುದಿಲ್ಲ, ಅಳುವುದಿಲ್ಲ, ಬರೀ ನಿಂತಿರುತ್ತಾನೆ. "ಅವನಿಗೆ ಚಳಿ ಆಗುತ್ತಿದೆ ಅಂತ ನನಗೆ ಗೊತ್ತಿರುತ್ತದೆ. ನನ್ನಿಂದ ಏನೂ ಮಾಡಲಾಗುವುದಿಲ್ಲ," ಅಂದಿದ್ದರು.

ಎಲೆ ಉದುರುವ ಕಾಲದಲ್ಲಿ ಒಂದು ಮಧ್ಯಾಹ್ನ ಸ್ಮಶಾನದ ಮುಂದೆ ಕಾರು ನಿಲ್ಲಿಸಿದಾಗ ಅತ್ತೆ, ಕಾಲು ಜೋಮು ಹಿಡಿಯಿತು ಅಂತ ಇಳಿದರು. ನಾವೂ ಇಳಿದೆವು. ಮುತ್ತಾತನ ಅಪ್ಪನ ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ಅತ್ತೆ ಕೈಯಿಂದ ಗುಡಿಸಿದರು. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಕಲ್ಲಿತ್ತು, ಇನ್ನೂ ಹಳೆಯದು, ವಾಲಿ ಇದಕ್ಕೇ ಒರಗಿತ್ತು. ಅದರ ಮೇಲಿನ ಎಲೆಗಳನ್ನೂ ತೆಗೆದು, "ಇದು ಯಾರದ್ದು?" ಅಂದರು.

ಮೇಷ್ಟ್ರು ಭುಜ ಹಾರಿಸಿದರು. "ಗೊತ್ತಿಲ್ಲ. ಬೇರೆ ಮನೆತನದ ಹೆಸರು. ಜಾಗ ಸಾಲದೆ ಪಕ್ಕದಲ್ಲೇ ಹೂತಿರಬೇಕು."

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಸುತ್ತ ಖಾಲಿ ಹುಲ್ಲನ್ನೆಲ್ಲ ಒಮ್ಮೆ ನೋಡಿದರು. "ಜಾಗ ಇಷ್ಟು ಉಂಟಲ್ಲ. ಇದು ಇವನ ಮಾವ ಇರ್ಬೇಕು."

"ಏನಂದರು?" ಅಂದರು ಮೇಷ್ಟ್ರು.

ನಾನು ಫಾದರ್-ಇನ್-ಲಾ ಇರಬಹುದಂತೆ ಅಂದೆ. ನಮ್ಮ ಕಡೆ ಮಾವ ಅಂದರೆ ಗಂಡನ ಅಪ್ಪ, ಇಲ್ಲವೇ ಹೆಂಡತಿಯ ಅಪ್ಪ. ಅಮ್ಮನ ಅಣ್ಣತಮ್ಮಂದಿರನ್ನು ನಾನು ಜೀವಮಾನವೆಲ್ಲ ಮಾಮ ಅಂತಲೇ ಕರೆದದ್ದು. ಮೇಷ್ಟ್ರ ಮುಖ ಅರಳಿತು. ಇಷ್ಟು ವರ್ಷ ಇದು ಹೊಳೆಯಲೇ ಇಲ್ಲವಲ್ಲ ಅಂತ ಅತ್ತೆಗೆ ಟೋಪಿ ತೆಗೆದು ಬಾಗಿದರು. ಅತ್ತೆ ನಾಚಿ ಸೆರಗು ಹೊದ್ದುಕೊಂಡರು.

ಮತ್ತೆ ಕೆಲವು ವಾರ ಅವರು ಹೆಂಡತಿಯ ಕಡೆಯವರನ್ನು ಜಾಲಾಡಿದರು. ಆಮೇಲೊಂದು ದಿನ ಕ್ಲಾಸು ಮುಗಿದ ಮೇಲೆ ನಮ್ಮನೆಗೇ ಕಾಫಿಗೆ ಬಂದು, ಸೋತ ಮುಖದಲ್ಲಿ ಕೂತರು. ಮುತ್ತಾತನ ಅಮ್ಮನ, ಅಂದರೆ ಆ ಕಲ್ಲಿನವನ ಹೆಂಡತಿಯ, ತವರಿನ ಹೆಸರು ಸಿಕ್ಕಿತ್ತು. ಪಕ್ಕದ ಒರಗಿದ ಕಲ್ಲಿನ ಮೇಲಿನ ಹೆಸರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. "ಹೆಂಡತಿಯ ಅಪ್ಪನಲ್ಲ. ದಾರಿ ಅಲ್ಲಿಗೇ ಮುಗಿಯಿತು," ಅಂದರು.

ಅದನ್ನು ನಾನು ಅತ್ತೆಗೆ ಹೇಳಿದ್ದೇ ತಡ, ಅವರು ಒಲೆಯ ಮುಂದಿನಿಂದ ತಿರುಗಿ ನಿಂತರು. "ಹೆಂಡತಿಯ ಅಪ್ಪ ಅಂತ ಯಾರು ಹೇಳಿದ್ದು?"

"ನೀವೇ ಅಲ್ವಾ ಅತ್ತೆ, ಮಾವ ಅಂದ್ರಿ?"

"ಮಾವ ಅಂದ್ರೆ ಮಾವ! ಅಮ್ಮನ ಅಣ್ಣ! ಹೆಂಡತಿಯ ಅಪ್ಪ ಎಲ್ಲಿಂದ ಬಂದ ಮಧ್ಯದಲ್ಲಿ?"

"ಅತ್ತೆ, ನಿಮ್ಮಲ್ಲಿ ಅಳಿಯಕಟ್ಟು, ವಂಶ ಅಮ್ಮನ ಕಡೆಯಿಂದ, ಮಾವನೇ ಯಜಮಾನ. ಇವರಲ್ಲಿ ಅದೆಲ್ಲ ಇಲ್ಲ. ಇವರು ಐರ್ಲೆಂಡಿನವರು."

"ಐರ್ಲೆಂಡಿನಲ್ಲಿ ಅಮ್ಮಂದಿರಿಗೆ ಅಣ್ಣಂದಿರು ಇರುದಿಲ್ವಾ?" ಅಂದರು ಅತ್ತೆ. ಸೌಟು ಕೈಯಲ್ಲೇ ಇತ್ತು. "ಅವರು ಅಪ್ಪನ ಹೆಸರು ಇಟ್ಟುಕೊಳ್ಳುವವರು. ಹಾಗಾದ್ರೆ ಮಾವನ ಹೆಸರು ಬೇರೆ ಇರದೆ ಇನ್ನೆಂತ? ಅಪ್ಪ ಅಮ್ಮ ಇಲ್ಲದ ಮಗುವನ್ನು ಯಾರು ಕರಕೊಂಡು ಹೋಗುದು? ಮಾವ ಅಲ್ವಾ? ನನ್ನನ್ನು ಸಾಕಿದ್ದು ಯಾರು? ಮಳೆಗಾಲದಲ್ಲಿ ತೋಡು ದಾಟಿಸಿ ಶಾಲೆಗೆ ಬಿಟ್ಟದ್ದು ಯಾರು? ನನ್ನ ಮಾವ. ಯುದ್ಧಕ್ಕೆ ಹೋದದ್ದು ಅವನು, ಕುಂಟನಾದದ್ದು ಅವನು. ಈ ಹುಡುಗ ಅವನ ಕೈ ಹಿಡ್ಕೊಂಡು ಬಂದದ್ದು. ಹೇಳು ಅವರಿಗೆ, ಸರಿಯಾಗಿ ಹೇಳು."

ನಾನು ಹೇಳಿದೆ. ಈ ಸಲ ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ. ತಪ್ಪು ತರ್ಜುಮೆಗೆ ಮೇಷ್ಟ್ರು ಬೈಯಬಹುದು ಅಂದುಕೊಂಡರೆ ಅವರಿಗೆ ಅದರ ಮೇಲೆ ಗಮನವೇ ಇರಲಿಲ್ಲ. ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡುತ್ತ ಕೂತರು. "ಸೈನಿಕ ಒಬ್ಬ, ಹುಡುಗ ಇನ್ನೊಬ್ಬ," ಅಂದರು. "ನಾನು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿ ಹುಡುಕುತ್ತಿದ್ದೆ."

ಆ ಒರಗಿದ ಕಲ್ಲಿನ ಹೆಸರು ಹಿಡಿದು ಹೊರಟ ಮೇಲೆ ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಸಂಜೆ, ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಅವರ ಕಾರು ನಮ್ಮ ಡ್ರೈವ್‌ವೇಯಲ್ಲಿ ಬಂದು ನಿಂತಿತು. ಎಷ್ಟು ಹೊತ್ತಾದರೂ ಅವರು ಇಳಿಯಲಿಲ್ಲ. ನಾನೂ ಅತ್ತೆಯೂ ಕೋಟು ಹಾಕಿಕೊಂಡು ಹೋಗಿ, ನಾನು ಅವರ ಪಕ್ಕದಲ್ಲಿ, ಅತ್ತೆ ಹಿಂದಿನ ಸೀಟಿನಲ್ಲಿ ಕೂತೆವು. ಮೇಷ್ಟ್ರು ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ಎರಡು ಕಾಗದಗಳನ್ನು ಹಿಡಿದಿದ್ದರು. "ಅಕ್ಷರಗಳು ಓಡುತ್ತಿವೆ. ನಾನು ಓದಿದ್ದು ಸರಿಯಾ ಅಂತ ನೀನು ನೋಡು," ಅಂದರು.

ಮೊದಲನೆಯದು ಸೈನ್ಯದ್ದು. ಆ ಒರಗಿದ ಕಲ್ಲಿನ ಹೆಸರಿನವನು, ಮಾಮೂಲಿ ಸಿಪಾಯಿ. ಹುಟ್ಟಿದ ಪ್ಯಾರಿಷ್, ಅಂದರೆ ಯಾವ ಚರ್ಚಿಗೆ ಸೇರಿದ ಊರು ಅನ್ನುವುದು, ಇತ್ತು. ಎಡಗಾಲಿನ ಗಾಯ ಇತ್ತು. ಕೂದಲು ಕಪ್ಪು. ಎರಡನೆಯದು, ಪಿಂಚಣಿದಾರರನ್ನು ಈ ದೇಶಕ್ಕೆ ಹತ್ತಿಸಿ ಕಳಿಸಿದ ಒಂದು ಹಡಗಿನ ಪಟ್ಟಿ. ಅದರಲ್ಲಿ ಅವನ ಹೆಸರು, ಅದೇ ಪ್ಯಾರಿಷ್, ಹೆಂಡತಿ ಇಲ್ಲ, ಮಕ್ಕಳಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಯಾರದೋ ಕೈಬರಹ. ಮೇಷ್ಟ್ರ ಮುತ್ತಾತನ ಅಪ್ಪನ ಹೆಸರು, ವಯಸ್ಸು ಏಳು. ಅದರ ಮುಂದೆ: ಜೊತೆಗೆ, ತಂಗಿಯ ಮಗ.

"ಇನ್ನೊಂದು ಸಲ ಓದು," ಅಂದರು.

"ಜೊತೆಗೆ, ತಂಗಿಯ ಮಗ."

ಹಿಂದಿನಿಂದ ಅತ್ತೆ, "ಎಂತ, ಮಾವನಾ?" ಅಂತ ಕೇಳಿದರು. ನಾನು ಹೂಂ ಅಂದೆ. ಅವರು ಗೆದ್ದ ಹಾಗೆ ನಗುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣೊರೆಸಿಕೊಂಡರು.

ದೊಡ್ಡವನಾದ ಮೇಲೆ ಆ ಹುಡುಗ ಮಾವನ ಯುದ್ಧದ ಕಥೆಯನ್ನು ತನ್ನ ಮಕ್ಕಳಿಗೆ ಹೇಳಿರಬೇಕು. ಅವರು ಅವರ ಮಕ್ಕಳಿಗೆ. ಹೇಳುತ್ತ ಹೇಳುತ್ತ ಯುದ್ಧ ಉಳಿಯಿತು, ಕುಂಟು ಕಾಲು ಉಳಿಯಿತು, ಹಡಗು ಉಳಿಯಿತು. ಕೈ ಹಿಡಿದು ಕರೆತಂದ ಮನುಷ್ಯ ಮಾತ್ರ ಜಾರಿಹೋದ. ಕೊನೆಗೆ ಉಳಿದದ್ದು ಒಬ್ಬನೇ ಬಂದ ಹುಡುಗ. ಇದು ಯಾರ ತಪ್ಪು ಅಂತ ಹೇಳುವುದು?

ಮೇಷ್ಟ್ರು ಕನ್ನಡಕ ತೆಗೆದರು. ಅವರು ಖುಷಿಪಡುತ್ತಾರೆ ಅಂತ ನಾನು ಕಾದಿದ್ದೆ. ಅವರು ಬಹಳ ನಿಧಾನವಾಗಿ, "ಹಾಗಾದರೆ ನಮ್ಮಪ್ಪ ಸುಮ್ಮಸುಮ್ಮನೆ ಒಬ್ಬರೇ ಸತ್ತರು," ಅಂದರು. "ನಾನು ಬಾಗಿಲು ತೆಗೆದು ಒಳಗೆ ಹೋಗಿ ಕೂರಬಹುದಾಗಿತ್ತು."

ನಾನು ಕಾಗದಗಳನ್ನು ಮಡಚಿ ಅವರ ಕೈಗಿಟ್ಟೆ. ಗಾಜಿನ ಮೇಲೆ ಆ ವರ್ಷದ ಮೊದಲ ಹಿಮ ಒಂದೊಂದೇ ಎಳೆಯಾಗಿ ಬಂದು ಕೂತು ಕರಗುತ್ತಿತ್ತು.

ಮುಂದಿನ ವಾರ ಕನಸು ಬದಲಾಗಿದೆ ಅಂತ ಹೇಳಿದರು. ದಕ್ಕೆಯ ಮೇಲೆ ಹುಡುಗನ ಪಕ್ಕದಲ್ಲಿ ಈಗ ಒಂದು ಜೊತೆ ಬೂಟು ಕಾಣುತ್ತದಂತೆ. ಮೊಣಕಾಲಿನಿಂದ ಮೇಲೆ ಮಂಜು, ಮುಖ ಕಾಣುವುದಿಲ್ಲ. "ಬ್ರೇಕಿನ ಮೇಲೆ ಕಾಲಿಟ್ಟು ಕಾಯುವವನ ಬೂಟಿನ ಹಾಗೆ ಕದಲದೆ ನಿಂತಿವೆ," ಅಂದರು. ಆ ವಾರವೇ ನಾನು ಟೆಸ್ಟು ಪಾಸಾದೆ. ಅವರು ತಮ್ಮ ಕಾರಿನ ಮೇಲಿನ ಬೋರ್ಡು ಬಿಚ್ಚಿ ಗರಾಜಿನಲ್ಲಿಟ್ಟರು. ಓಕ್‌ವಿಲ್‌ನಿಂದ ಫೋನು ಬರುತ್ತಲೇ ಇತ್ತು, ಅವರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಬಿಡಿಸಿ ಕೇಳುವ ಧೈರ್ಯ ನನಗಾಗಲಿಲ್ಲ.

ಜನವರಿಯ ಒಂದು ಶನಿವಾರ ಅವರೇ ಫೋನು ಮಾಡಿದರು. "ನಿನ್ನ ಅಭ್ಯಾಸಕ್ಕೆ ಒಂದು ಉದ್ದನೆಯ ದಾರಿ ಇದೆ. ಓಕ್‌ವಿಲ್. ಒಂದು ವಾರ ಇದ್ದು ಬರುತ್ತೇನೆ, ಅಷ್ಟೇ. ಮುಂದಿನ ಶನಿವಾರ ಬಂದು ವಾಪಸು ಕರೆದುಕೊಂಡು ಬಾ." ಅಳಿಯ, ಅದೇ ತಂಗಿಯ ಮಗ, ತಾನೇ ಬರುತ್ತೇನೆ ಅಂದರೂ ಬೇಡ ಅಂದಿದ್ದರಂತೆ. ಯಾರೋ ಎತ್ತಿಕೊಂಡು ಹೋದ ಹಾಗಾಗುತ್ತದೆ ಅಂತ. ನಾನೂ ಅತ್ತೆಯೂ ಹೋದೆವು. ಒಂದೇ ಸೂಟ್‌ಕೇಸು, ಚಿಕ್ಕದು.

ಹೆದ್ದಾರಿ ಹತ್ತಿದ ಮೇಲೆ ನಾನು ಅವರ ಹ್ಮ್‌ಗಾಗಿ ಕಾದೆ. ಬರಲಿಲ್ಲ. ದೊಡ್ಡ ಟ್ರಕ್ಕು ಪಕ್ಕದಲ್ಲಿ ಹಾದಾಗಲೂ ಬರಲಿಲ್ಲ. ಓರೆಗಣ್ಣಿನಿಂದ ನೋಡಿದರೆ ಅವರು ತಲೆಯನ್ನು ಗಾಜಿಗೆ ಆನಿಸಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಜೀವನವೆಲ್ಲ ಬೇರೆಯವರ ಪಕ್ಕದಲ್ಲಿ ಕೂತು ರಸ್ತೆಯನ್ನೇ ನೋಡಿದ ಮನುಷ್ಯ. ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ಹೊಲ, ಸೇತುವೆ, ಫ್ಯಾಕ್ಟರಿಯ ಉದ್ದನೆಯ ಛಾವಣಿ ಎಲ್ಲವೂ ಬೆಳ್ಳಗೆ ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು. ನಾನು ಸ್ಟೇರಿಂಗನ್ನು ಹಾಲಿನ ಪಾತ್ರೆ ಹಿಡಿದ ಹಾಗೆ ಹಿಡಿದಿದ್ದೆ.

ಓಕ್‌ವಿಲ್‌ನ ಮನೆಯ ಮುಂದೆ ಕಾರು ನಿಲ್ಲಿಸಿದಾಗಲೂ ಅವರಿಗೆ ಎಚ್ಚರವಾಗಲಿಲ್ಲ. ಅಳಿಯ ಮನೆ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಓಡಿ ಬಂದರು. ಐವತ್ತರ ಹತ್ತಿರದ, ದಪ್ಪ ಕೈಗಳ ಮನುಷ್ಯ. ಗಾಜಿನಿಂದ ಒಳಗೆ ನೋಡಿದರು. ನಾನು ಎಬ್ಬಿಸಲು ಕೈ ಎತ್ತಿದೆ. ಅವರು ಬೇಡ ಅಂತ ತಲೆ ಅಲ್ಲಾಡಿಸಿದರು. ಸದ್ದಾಗದಂತೆ ಹಿಂದಿನ ಬಾಗಿಲು ತೆಗೆದು ಅತ್ತೆಯ ಪಕ್ಕದಲ್ಲಿ ಬಂದು ಕೂತು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಅತ್ತೆ ಜರುಗಿ ಜಾಗ ಕೊಟ್ಟರು. ನಾನು ಹೀಟರು ಆರಿಸಲಿಲ್ಲ. ನಾವು ಮೂವರೂ ಒಬ್ಬರು ಮಲಗಿರುವುದನ್ನು ಕಾಯುತ್ತ ಕೂತೆವು. ಆ ಹೊತ್ತು ಮುಗಿಯುವುದು ನನಗೆ ಬೇಡವಾಗಿತ್ತು.

ಎಚ್ಚರವಾದಾಗ ಅವರು ಕದಲಲಿಲ್ಲ. ಮುಂದಿನ ಮನೆಯನ್ನು ನೋಡಿದರು. ಆಮೇಲೆ ತಿರುಗದೆಯೇ, "ಹಿಂದೆ ಇನ್ನೂ ಯಾರೋ ಇದ್ದಾರೆ," ಅಂದರು.

"ನಾನೇ," ಅಂದರು ಅಳಿಯ.

"ಎಷ್ಟು ಹೊತ್ತಾಯಿತು ಬಂದು?"

"ಈಗ ತಾನೇ."

ಅದು ಸುಳ್ಳು. ಅಳಿಯನ ಚಪ್ಪಲಿಯ ಹಿಮವೆಲ್ಲ ಕರಗಿ ನೆಲದ ಮ್ಯಾಟು ಒದ್ದೆಯಾಗಿತ್ತು. ಮೇಷ್ಟ್ರು ಬೆಲ್ಟು ಬಿಚ್ಚಿದರು, ಟೋಪಿ ಸರಿಮಾಡಿಕೊಂಡರು. ಮುಂದಿನ ಶನಿವಾರ ಎಷ್ಟು ಹೊತ್ತಿಗೆ ಬರಲಿ ಅಂತ ನಾನು ಕೇಳಿದೆ. ಅವರು ನನ್ನ ಕಡೆ ನೋಡಿ, ಬೇಡ ಅನ್ನುವ ಹಾಗೆ ನನ್ನ ಕೈಯನ್ನೊಮ್ಮೆ ತಟ್ಟಿದರು. ಆಮೇಲೆ ಮನೆಯ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ, ಹಿಂದೆ ಕೂತಿದ್ದ ತಂಗಿಯ ಮಗನನ್ನು ಕೇಳಿದರು:

"ಇದರಲ್ಲಿ ನನ್ನ ಕೋಣೆ ಯಾವುದು?"